ಬಾಯಿಗೆ ಹಾಕಿದ ಬೀಗ

"ಎಲ್ಲಾ ಮಕ್ಕಳೂ ಹೋದ್ರಲ್ಲ ಟೀಚರ್, ನನ್ನ ಗುಬ್ಬಿ ಎಲ್ಲಿ?"

ಗೇಟಿನ ಹತ್ತಿರ ನಿಂತು ಕೇಳಿದವಳು ಗುಬ್ಬಿಯ ಅಮ್ಮ. ಬಟ್ಟೆ ಹೊಲಿಯುವ ಕಾರ್ಖಾನೆಯಿಂದ ಓಡೋಡಿ ಬಂದಿದ್ದಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಮನೆಗೆ ಹೊರಡಲೆಂದು ಚೀಲ ಹೆಗಲಿಗೇರಿಸಿದ್ದ ಒಂದನೇ ತರಗತಿಯ ಟೀಚರಮ್ಮ ಖಾಲಿ ಬಯಲಿನತ್ತ ತಿರುಗಿ ನೋಡಿದರು. ಮೂವತ್ತೊಂಬತ್ತು ಮಕ್ಕಳನ್ನು ಅವರವರ ಮನೆಯವರ ಕೈಗೆ ಒಪ್ಪಿಸಿದ್ದು ನೆನಪಿತ್ತು. ನಲವತ್ತನೆಯದನ್ನು ಯಾರ ಕೈಗೆ ಕೊಟ್ಟೆ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಶಾಲೆ ತೆರೆದು ಇನ್ನೂ ಐದು ದಿನ. ಅಕ್ಷರ, ಅಂಕಿ ಎಲ್ಲಾ ಆಮೇಲೆ. ಮೊದಲ ವಾರ ಟೀಚರಮ್ಮ ಕಲಿಸುವುದು ಒಂದೇ ಒಂದು ವಿದ್ಯೆ, ಸುಮ್ಮನೆ ಕೂರುವುದು. ಅದಕ್ಕೊಂದು ಆಟ ಕಟ್ಟಿಕೊಂಡಿದ್ದರು. "ಎಲ್ಲರ ಬಾಯಿಗೂ ಬೀಗ" ಎನ್ನುತ್ತ ಗಾಳಿಯಲ್ಲೇ ಬೀಗದ ಕೈ ತಿರುಗಿಸುವುದು. ಆ ಇಲ್ಲದ ಬೀಗದ ಕೈಯನ್ನು ತಮ್ಮ ಕಂದು ಚೀಲಕ್ಕೆ ಹಾಕಿ ಜಿಪ್ ಎಳೆಯುವುದು. ಮತ್ತೆ ಅವರೇ ತೆಗೆದು ತಿರುಗಿಸುವ ತನಕ ಬಾಯಿಂದಾಗಲಿ ಕೈಯಿಂದಾಗಲಿ ಒಂದು ಸದ್ದೂ ಬರಕೂಡದು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಈ ಬೀಗ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅಕ್ಕಪಕ್ಕದ ತರಗತಿಗಳು ಸಂತೆಯಾಗಿರುವಾಗ ಇವರ ತರಗತಿಯಲ್ಲಿ ಫ್ಯಾನು ಕಿರುಗುಟ್ಟುವುದಷ್ಟೇ ಕೇಳುತ್ತಿತ್ತು. ಆ ಹೆಮ್ಮೆ ಅವರಿಗೆ ಕೊಂಚ ಹೆಚ್ಚೇ ಇತ್ತು.

ಗುಬ್ಬಿಯನ್ನು ಸೇರಿಸಿದ ದಿನ ಅವಳ ಅಮ್ಮ ಹೇಳಿದ್ದಳು: "ಇವಳು ಮಾತಿನಮಲ್ಲಿ ಟೀಚರ್. ನಿದ್ದೇಲೂ ಬಾಯಿ ಮುಚ್ಚಲ್ಲ. ನೀವೇ ಒಂದಿಷ್ಟು ಬುದ್ಧಿ ಕಲಿಸ್ಬೇಕು." ಟೀಚರಮ್ಮ ನಕ್ಕು, "ಒಂದು ವಾರ ಕೊಡಿ" ಎಂದಿದ್ದರು.

ಈಗ ಇಬ್ಬರೂ ಸೇರಿ ಹುಡುಕದ ಜಾಗವಿಲ್ಲ. ಶಾಲೆಯ ಆಯಮ್ಮನೂ ಜೊತೆಗೆ ಬಂದಳು. ಆಟದ ಬಯಲು, ಶೌಚಾಲಯ, ನೀರಿನ ತೊಟ್ಟಿಯ ಹಿಂಭಾಗ, ಮಹಡಿಯ ಮೆಟ್ಟಿಲ ಕೆಳಗೆ. ಕಾರಿಡಾರಿನ ತುದಿಯವರೆಗೂ ಹೋಗಿ "ಗುಬ್ಬೀ" ಎಂದು ಕೂಗಿದರು. ಅಲ್ಲಿದ್ದದ್ದು ಸ್ಟೋರ್ ರೂಮು, ಅದಕ್ಕೆ ಹೊರಗಿನಿಂದ ಬೀಗ. ಬೀಗ ಬಿದ್ದ ಕೋಣೆಯಲ್ಲಿ ಮಗು ಹೇಗಿದ್ದೀತು ಎಂದು ಮೂವರೂ ವಾಪಸು ಬಂದು ರಸ್ತೆಗಿಳಿದರು. ಅಂಗಡಿಯವರನ್ನು ಕೇಳಿದರು, ಬಸ್ ಸ್ಟಾಪಿನಲ್ಲಿ ಕೇಳಿದರು. ಟೀಚರಮ್ಮ ಯಾವ ದೇವರಿಗೆ ಏನೇನು ಹರಕೆ ಹೊತ್ತರೋ ಅವರಿಗೇ ಗೊತ್ತಿಲ್ಲ.

ಐದೂವರೆಗೆ ಮತ್ತೆ ತರಗತಿಗೆ ಬಂದು ನಿಂತಾಗ ಮೇಜಿನ ಮೇಲೆ ಬಣ್ಣದ ಸೀಮೆಸುಣ್ಣದ ಡಬ್ಬಿ ಇಲ್ಲದ್ದು ಟೀಚರಮ್ಮನ ಕಣ್ಣಿಗೆ ಬಿತ್ತು. ಕಡೆಯ ಪೀರಿಯಡ್ಡಿನಲ್ಲಿ ಬೀಗ ಹಾಕಿದ ಮೇಲೆ ಎಲ್ಲರಿಗಿಂತ ನೆಟ್ಟಗೆ ಕೂತವಳು ಗುಬ್ಬಿ. "ನೀನೇ ಜಾಣೆ, ಇದನ್ನ ಸ್ಟೋರ್ ರೂಮಲ್ಲಿ ಇಟ್ಟು ಬಾ" ಎಂದು ಬಹುಮಾನದ ಹಾಗೆ ಡಬ್ಬಿ ಕೊಟ್ಟು ಕಳಿಸಿದ್ದರು. ಅಷ್ಟರಲ್ಲಿ ಗಂಟೆ ಹೊಡೆದಿತ್ತು. ಉಳಿದವರ ಬಾಯಿಯ ಬೀಗ ತೆಗೆದು ಸಾಲು ಮಾಡಿಸುವ ಗಡಿಬಿಡಿಯಲ್ಲಿ, ಕಳಿಸಿದ್ದು ಮರೆತೇ ಹೋಗಿತ್ತು.

"ಆಯಮ್ಮ, ಸ್ಟೋರ್ ರೂಮ್ ಬೀಗ ಯಾವಾಗ ಹಾಕ್ದೆ?"

"ಗಂಟೆ ಹೊಡೆದ ತಕ್ಷಣ ಮೇಡಂ, ದಿನಾ ಹಾಕೋ ಹಾಗೆ. ಒಳಗೆ ನೋಡ್ಲಿಲ್ಲ." ಹೇಳುತ್ತಲೇ ಆಯಮ್ಮ ಓಡಿದಳು.

ಬಾಗಿಲು ತೆರೆಯಿತು. ಮುರಿದ ಬೆಂಚು, ಸುತ್ತಿಟ್ಟ ನಕ್ಷೆಗಳ ನಡುವೆ ಚಾಪೆಯ ಮೇಲೆ ಗುಬ್ಬಿ ಕೈಕಟ್ಟಿ ಕೂತಿದ್ದಳು. ತುಟಿ ಬಿಗಿದಿತ್ತು. ಫ್ರಾಕು ಒದ್ದೆಯಾಗಿತ್ತು. ಡಬ್ಬಿ ಮಡಿಲಲ್ಲೇ ಇತ್ತು.

ಅಮ್ಮ ಬಾಚಿ ಎತ್ತಿಕೊಂಡಳು. "ಯಾಕೆ ಕೂಗ್ಲಿಲ್ಲ ಕಂದಾ? ನಾವು ಇಲ್ಲೇ ನಿಂತು ಕರೆದಿದ್ದು ಕೇಳಿಸ್ಲಿಲ್ವಾ?"

ಕೇಳಿಸಿತು ಎಂದು ಗುಬ್ಬಿ ತಲೆ ಆಡಿಸಿದಳು.

"ಮತ್ತೆ ಬಾಗಿಲಾದ್ರೂ ಬಡೀಬಾರ್ದಾ? ಏನಾದ್ರೂ ಮಾತಾಡೇ." ಅಮ್ಮ ಅವಳ ಭುಜ ಹಿಡಿದು ಅಲುಗಿಸಿದಳು. "ಮಗು ಹೆದರ್ಕೊಂಡಿದೆ, ಬಿಡವ್ವಾ" ಎಂದಳು ಆಯಮ್ಮ. ಗುಬ್ಬಿ ಬಾಯಿ ಬಿಡಲಿಲ್ಲ. ಮೆಲ್ಲಗೆ ಕೈ ಚಾಚಿ ಟೀಚರಮ್ಮನ ಹೆಗಲಿನ ಕಂದು ಚೀಲವನ್ನು ತೋರಿಸಿದಳು.

ಅಮ್ಮನಿಗೆ ಏನೂ ತಿಳಿಯಲಿಲ್ಲ. ಟೀಚರಮ್ಮನಿಗೆ ತಿಳಿಯಿತು. ಎಲ್ಲಾದರೂ ಹೋಗಿ ಮುಖ ಮುಚ್ಚಿಕೊಳ್ಳೋಣ ಅನ್ನಿಸಿತು. ಹತ್ತಿರ ಬಂದು ಜಿಪ್ ಎಳೆದು ಚೀಲಕ್ಕೆ ಕೈ ಹಾಕಿದರು. ಮನೆಯ ಬೀಗದ ಕೈ, ಬೀರುವಿನದು, ಮೇಜಿನದು, ಗೊಂಚಲೇ ಇತ್ತು ಅಲ್ಲಿ. ಅವರ ಬೆರಳುಗಳು ಅದರಲ್ಲಿ ಸ್ವಲ್ಪ ಹೊತ್ತು ನಿಜವಾಗಿಯೂ ಹುಡುಕಿದವು. ಕಡೆಗೆ ಬರಿಗೈಯ ಎರಡು ಬೆರಳು ಜೋಡಿಸಿ ಮಗುವಿನ ತುಟಿಯ ಮುಂದೆ ಹಿಡಿದು ತಿರುಗಿಸಿದರು.

ಗುಬ್ಬಿ ತಲೆ ಅಡ್ಡಡ್ಡ ಆಡಿಸಿದಳು. ಆ ಕಡೆಗಲ್ಲ.

ಟೀಚರಮ್ಮ ಈ ಕಡೆಗೆ ತಿರುಗಿಸಿದರು. ಎರಡು ಗಂಟೆ ಒಳಗೇ ಉಳಿದಿದ್ದ ಅಳು ಆಗ ಹೊರಗೆ ಬಂತು.