ಹೊಂಗೆ ಕಡೆಯ ಗೋಡೆ

ಹಾರೆಯ ಮೊನೆ ಆಚೆಗೆ ನುಸುಳಿದ್ದೇ ತಡ, ಗೋಡೆಯ ತೂತಿನಿಂದ ಗಾಳಿ ನುಗ್ಗಿ ವಿಮಲಮ್ಮನ ಮುಖಕ್ಕೆ ಬಡಿಯಿತು. ಮೊದಲು ಮಣ್ಣಿನ ಧೂಳು, ಅದರ ಬೆನ್ನಿಗೇ ಹೊಂಗೆ ಹೂವಿನ ವಾಸನೆ. ಪೊರಕೆ ಹಿಡಿದು ನಿಂತಿದ್ದವಳು ಕಣ್ಣು ಮುಚ್ಚಿಕೊಂಡಳು. ಧೂಳಿಗಿರಬೇಕು ಅಂದುಕೊಂಡ ಮೆಕ್ಯಾನಿಕ್ ಬಸವರಾಜು, "ಒಸಿ ಆಚೆ ನಿಂತ್ಕಳಿ ಅಮ್ಮ" ಅಂದ. ಅವಳು ಅಲುಗಲಿಲ್ಲ.

ಯುಗಾದಿಗೆ ಹೊಸ ಅಳಿಯ ಬರುವವನಿದ್ದ. 'ಅವರಿಗೆ ಸೆಕೆಗೆ ನಿದ್ದೆ ಬರಲ್ಲ' ಎಂದು ಮಗಳು ಸೌಂದರ್ಯ ಫೋನಿನಲ್ಲಿ ಅಂದದ್ದೇ ಸಾಕಾಯಿತು, ವಿಮಲಮ್ಮನ ಗಂಡ, ತಿಪಟೂರಿನ ಕೊಬ್ಬರಿ ವ್ಯಾಪಾರಿ ಮರುಳಸಿದ್ದಯ್ಯ ಕಿಟಕಿ ಏಸಿ ಹುಡುಕಲು ಹೊರಟ. ಏಸಿಗೆ ಮೊದಲು ಕಿಟಕಿ ಬೇಕಲ್ಲ, ಅಳಿಯನಿಗೆ ಬಿಟ್ಟುಕೊಡಲಿದ್ದ, ಗಂಡ ಹೆಂಡತಿ ಮಲಗುವ ಆ ಕೋಣೆಗೆ ಅದೇ ಇರಲಿಲ್ಲ. ಮೇಲೆ ಅಟ್ಟ, ಅಟ್ಟದ ತುಂಬ ಕಾಯಿ. ವರ್ಷವೆಲ್ಲ ಕಾವಿನಲ್ಲಿ ಕೂತು, ಒಳಗಿನ ನೀರು ಆರಿ, ಕಾಯಿ ಕೊಬ್ಬರಿಯಾಗಬೇಕು. ಕೆಳಗೆ ಗಾಳಿಯಾಡಿದರೆ ಕಾಯಿ ಕೆಟ್ಟು ಕೌಟು ಹಿಡಿಯುತ್ತದೆ ಅನ್ನುವುದು ಆ ಮನೆಯ ಕಟ್ಟಳೆ. ಸೊಸೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ ವಿಮಲಮ್ಮ ಒಂದು ಕಿಟಕಿ ಕೇಳಿದ್ದಳು. "ಕಾಯಿಗಿಂತ ನೀನು ಹೆಚ್ಚೇನೇ?" ಅಂದಿದ್ದಳು ಅತ್ತೆ. ಅತ್ತೆ ಹೋದಳು, ಮಾತು ಉಳಿಯಿತು. ಹಂದನಕೆರೆಯ ತವರಿನಲ್ಲಿ ಕಿಟಕಿಕಟ್ಟೆಯ ಮೇಲೆ ಕೂತು ಜಡೆ ಹಾಕಿಸಿಕೊಂಡವಳು ಇಲ್ಲಿ ಕಾಯಿಯ ಜೊತೆ ತಾನೂ ಒಣಗುತ್ತ ಬಂದಳು.

"ಈಗ ಕಾಯಿ ಕೌಟಾಗಲ್ವೇನ್ರೀ?" ಎಂದು ಪಕ್ಕದಲ್ಲಿ ನಿಂತಿದ್ದ ಗಂಡನನ್ನು ಕೇಳಿದಳು.

"ಒಂದು ತೂತಿಗೆ ಏನಾಯ್ತದೆ ಬುಡೇ."

"ಇಷ್ಟು ವರ್ಷ ಆಯ್ತಿತ್ತು."

ಮರುಳಸಿದ್ದಯ್ಯ ಬಸವರಾಜುವಿನ ಕಡೆ ತಿರುಗಿದ. "ಸಂದಿಗೆ ಥರ್ಮಾಕೋಲ್ ತಂದಿದ್ದೀಯೇನಪ್ಪ?"

ಹೊಸ ಏಸಿಯ ಬೆಲೆ ಕೇಳಿ ಅಂಗಡಿ ಮೆಟ್ಟಿಲಿಂದಲೇ ತಿರುಗಿ ಬಂದಿದ್ದ ಮರುಳಸಿದ್ದಯ್ಯ, ಮಾಲು ಆರಿಸಿದ್ದು ಬಸವರಾಜುವಿನ ಶೆಡ್ಡಿನಲ್ಲಿ. ಮುಚ್ಚಿಹೋದ ಲಾಡ್ಜೊಂದರ ಹಳೇ ಏಸಿಗಳು ಎರಡಿದ್ದವು. "ಚಿಕ್ಕದು ತಗಳಿ ಸಾವ್ಕಾರ್ರೇ, ನಿಮ್ಮ ರೂಮಿಗೆ ಅದೇ ಸಾಕು. ದೊಡ್ಡದನ್ನ ನಮ್ಮೂರ ಕರೆಂಟು ಎಳೆಯಾಕಿಲ್ಲ" ಎಂದು ಬಸವರಾಜು ಹೇಳಿಯೇ ಹೇಳಿದ. ಮರುಳಸಿದ್ದಯ್ಯ ಎರಡರ ಮೂಲೆಯನ್ನೂ ಹಿಡಿದೆತ್ತಿ ನೋಡಿದ. ಕೊಬ್ಬರಿಗೆ ಮಾಡುವ ಹಾಗೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. "ಇದು ತೂಕ ಐತೆ, ಸದ್ದೂ ಗಟ್ಟಿ. ಮಾಲು ಅಂದ್ರೆ ಇದು ಕಣಪ್ಪ" ಎಂದು ದೊಡ್ಡದನ್ನೇ ಹೊರಿಸಿಕೊಂಡು ಬಂದ. ಅದರ ಬೆನ್ನಿಗೆ ಬಿಸಿಲು ಬೀಳಬಾರದು, ನೆರಳಿದ್ದರೆ ಚೆನ್ನಾಗಿ ತಂಪು ಕೊಡುತ್ತದೆ ಎಂದ ಬಸವರಾಜು ಹೊಂಗೆ ಮರದ ಕಡೆಯ ಗೋಡೆಯನ್ನೇ ತೋರಿಸಿದ. ಬೆನ್ನು ಅನ್ನುವುದು ಇದ್ದರೆ ಅದಕ್ಕೆ ನೆರಳು ಬೇಕಾಗುತ್ತದೆ ಎಂದು ಆ ಮನೆಗೆ ತಿಳಿಯಲು ಒಂದು ಮಿಷನ್ನು ಬರಬೇಕಾಯಿತು.

ಮರದ ಚೌಕಟ್ಟು ಮಾರನೆಯ ದಿನ ಬರುವುದಿತ್ತು. ಹಾಗಾಗಿ ಒಂದು ಸಂಜೆಯ ಮಟ್ಟಿಗೆ ಗೋಡೆ ಬಾಯಿ ತೆರೆದೇ ಉಳಿಯಿತು. ವಿಮಲಮ್ಮ ಮಣೆ ಎಳೆದುಕೊಂಡು ಅದರ ಮುಂದೆ ಕೂತಳು, ಹೋಳಿಗೆ ಬೇಳೆಯ ಮೊರ ತೊಡೆಯ ಮೇಲೆ. ಹೊಂಗೆ ಹೂವು ಗಾಳಿಗೆ ತೇಲಿ ಬಂದು ಬೇಳೆಯೊಳಕ್ಕೆ ಬಿದ್ದವು. ಅವನ್ನು ಆರಿಸಿ ಎಸೆಯಲು ಅವಳಿಗೆ ಮನಸ್ಸು ಬರಲಿಲ್ಲ. ಮರದಾಚೆ ರಸ್ತೆ. ಹೊತ್ತು ಮುಳುಗುವ ಮುಂಚೆ ಹಂದನಕೆರೆ ಬಸ್ಸು ಹಾರನ್ನು ಹೊಡೆಯುತ್ತ ಹಾದುಹೋಯಿತು. ಮಲಗುವ ಕೋಣೆಯಲ್ಲಿ ಇಷ್ಟು ಕಾಲ ಬರೀ ಸದ್ದಾಗಿದ್ದ ಬಸ್ಸು. ಅದರ ಕಿಟಕಿಯಲ್ಲಿ ಯಾವಳೋ ಹೆಂಗಸಿನ ಸೆರಗು ಪಟಪಟ ಹಾರುತ್ತಿತ್ತು.

"ಏನ್ರೀ, ಇದನ್ನ ಹಿಂಗೇ ಬುಟ್ಬುಡಿ. ನಾಕು ಸರಳು ಹಾಕ್ಸಿದ್ರೆ ಸಾಕು. ಅಳಿಯಂದ್ರಿಗೂ ಈ ಗಾಳಿ ಆಗಲ್ವ?"

"ಹೊಸ ಅಳಿಯಂಗೆ ಗೋಡೆ ತೂತು ತೋರಿಸ್ಲಾ? ಊರು ನಗಲ್ವೇನೇ?"

"ನಾ ಕೇಳ್ದಾಗ ಒಂದು ಹೆಂಟೆ ಮಣ್ಣೂ ಉದುರಲಿಲ್ಲ. ಅಳಿಯ ಬತ್ತೀನಿ ಅಂದ ಅಷ್ಟೇ, ಗೋಡೆ ಬಿದ್ದೋಯ್ತು."

ಮರುಳಸಿದ್ದಯ್ಯ ನಕ್ಕ. ಅವನಿಗೆ ಅದು ತಮಾಷೆಯಾಗಿ ಕೇಳಿಸಿತ್ತು.

ಮಾರನೆಯ ದಿನ ಏಸಿ ಕೂತಿತು. ಸಂದುಗೊಂದುಗಳಿಗೆಲ್ಲ ಥರ್ಮಾಕೋಲ್ ತುರುಕಿ ಆಯಿತು. ಗಾಳಿಯ ಜೊತೆ ಮರ, ರಸ್ತೆ, ಬಸ್ಸು ಎಲ್ಲ ಮುಚ್ಚಿಹೋದವು. ಹೋಗುವಾಗ ಬಸವರಾಜು ಮೂಲೆಯ ಸಣ್ಣ ಕಡ್ಡಿಯೊಂದನ್ನು ತೋರಿಸಿ, "ಇದನ್ನ ಎಳುದ್ರೆ ಹೊರಗಿನ ಗಾಳಿ ಒಸಿ ಒಳಕ್ಕೆ ಬತ್ತದೆ ಅಮ್ಮ. ಮುಚ್ಚೇ ಇರ್ಲಿ, ಇಲ್ದಿದ್ರೆ ತಂಪು ಹೊಂಟೋಯ್ತದೆ" ಅಂದ. ವಿಮಲಮ್ಮ ಆ ಕಡ್ಡಿಯನ್ನು ಎರಡು ಸಲ ನೋಡಿದಳು.

ಹಬ್ಬದ ಸಂಜೆ ಊರಿನ ಲೈಟುಗಳೆಲ್ಲ ಹತ್ತಿಕೊಂಡವು, ಏಸಿ ಗೊರ್ ಎಂದು ನರಳಿ ನಿಂತುಹೋಯಿತು. ಮತ್ತೆ ಹಾಕಿದರು, ಮತ್ತೆ ನರಳಿತು. ಅಳಿಯ ಚಾಪೆ ದಿಂಬು ಎತ್ತಿಕೊಂಡು ಮಾಳಿಗೆ ಹತ್ತಿ ಸುಖವಾಗಿ ಗೊರಕೆ ಹೊಡೆದ. ಬೆಳಿಗ್ಗೆ ಕಾಫಿ ಕುಡಿಯುತ್ತ, "ನಿಮ್ಮ ಮಾಳಿಗೆ ಗಾಳಿ ಬಲು ಚೆನ್ನಾಗೈತೆ ಮಾವ" ಅಂದ.

ಅವನು ಬಸ್ಸು ಹತ್ತಿದ ಮೇಲೆ ವಿಮಲಮ್ಮ ಇನ್ನೊಮ್ಮೆ ಬಾಯಿಬಿಟ್ಟು ಕೇಳಿದಳು. "ನಡೀದಿರೋ ಮಿಷನ್ನು, ಕೀಳಿಸ್ಬುಡಿ."

"ಏಸಿ ಇರೋ ಮನೆ ಅಂತ ಪೇಟೆಗೆಲ್ಲ ಗೊತ್ತಾಗೈತೆ. ಇರ್ಲಿ ಬುಡು" ಅಂದ ಮರುಳಸಿದ್ದಯ್ಯ. ಅದು ಅಲ್ಲೇ ಇತ್ತು, ಗೋಡೆಯ ಬಾಯಿಗೆ ತುರುಕಿದ ಬಟ್ಟೆಯ ಹಾಗೆ.

ಒಂದು ಸಂಜೆ ಅವನು ಮಂಡಿಯಿಂದ ಬಂದಾಗ ಮನೆಯೆಲ್ಲ ಕತ್ತಲು, ಕರೆಂಟಿರಲಿಲ್ಲ. ವಿಮಲಮ್ಮ ಆ ಕೋಣೆಯಲ್ಲಿ ಮಣೆಯ ಮೇಲೆ ನಿಂತು, ಸತ್ತ ಏಸಿಯ ಜಾಲರಿಗೆ ಕೆನ್ನೆ ಒತ್ತಿಕೊಂಡಿದ್ದಳು. ಮೂಲೆಯ ಕಡ್ಡಿ ಆಚೆಗೆ ಬಂದಿತ್ತು. ಬೆರಳಗಲವೂ ಇಲ್ಲದ ಸಂದಿನಿಂದ ಬಂದ ಉಸಿರಿನಷ್ಟು ಗಾಳಿಗೆ ಅವಳ ಕಿವಿಯ ಹತ್ತಿರದ ಒಂದು ನರೆಗೂದಲು ಅಲುಗುತ್ತಿತ್ತು.

"ಕರೆಂಟೇ ಇಲ್ಲ. ಅದರ ಮುಂದೆ ನಿಂತು ಏನೇ ಮಾಡ್ತಿದ್ದೀಯ?"

ಅವಳು ತಿರುಗಲಿಲ್ಲ.

"ಒಸಿ ಸುಮ್ಕಿರಿ" ಅಂದಳು. "ಬಸ್ಸು ಹೋಗ್ಲಿ."