ತಗಡಿನ ಗೋಡೆಯ ಪಿಸುಮಾತು

ವೈರಿಂಗ್‌ನವನು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಮೂರನೆಯ ತೂತು ಮುಚ್ಚುತ್ತಿದ್ದ. ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ ಅದು. ವೈರು ದಾಟುವ ಕಡೆಯೆಲ್ಲ ರಬ್ಬರ್ ಬುಷ್ ಕೂರಿಸಿ ಸುತ್ತ ಅಂಟು ಮೆತ್ತಬೇಕು. ಇಲ್ಲದಿದ್ದರೆ ಹೊಗೆ ಒಳಗೆ ಬರುತ್ತದೆ, ನೀರು ಬರುತ್ತದೆ.

ಈ ಗಾಡಿಯಲ್ಲಿ ಬರುತ್ತಿದ್ದದ್ದು ದನಿ.

"ಸ್ವಲ್ಪ ಜೋರಾಗಿ ಹೋದ್ರೆ ಸಾಕು, ಯಾರೋ ಪಿಸುಗುಡ್ತಾರೆ ಕಣಪ್ಪ," ಎಂದರು ಗಾಡಿಯ ಒಡತಿ, ನಿವೃತ್ತ ಟೀಚರ್. "ಏನೋ ಹೇಳೋಕೆ ಬಂದು ನುಂಗಿಕೊಂಡ ಹಾಗೆ. ಹಳೇ ಗಾಡಿ, ಯಾರ ಪ್ರಾಣ ಹೋಗಿದೆಯೋ ಇದರಲ್ಲಿ."

"ದೆವ್ವ ಬಿಡಿಸೋದು ನನ್ನ ಕಸುಬಲ್ಲ ಟೀಚರೇ. ತೂತು ಮುಚ್ಚೋದು."

ಹಾಗಂದನಾದರೂ, ಬೆಳಿಗ್ಗೆ ಓಡಿಸಿ ನೋಡಿದಾಗ ಅವನ ಮೈಯೂ ಜುಮ್ಮೆಂದಿತ್ತು. ಅಕ್ಕ ನಿದ್ದೆಯಲ್ಲಿ ಕನವರಿಸುವ ಹಾಗಿತ್ತು ಆ ದನಿ.

ಅಮ್ಮನ ಕೊನೆಯ ದಿನಗಳಲ್ಲಿ ಅಕ್ಕ ಬಾ ಬಾ ಎಂದು ಕರೆದಿದ್ದಳು. ಅವನು ಹೋಗಿರಲಿಲ್ಲ. ಹನ್ನೊಂದು ವರ್ಷದ ಹಿಂದೆ, ತಪ್ಪಾಯಿತು ಎಂದು ಅಳುತ್ತಲೇ ಕಾಗದ ಬರೆದ. ಅವಳಿಂದ ಬಂದದ್ದು ಎರಡೇ ಸಾಲು: "ನೀನು ಕಳಿಸಿದ್ದು ನೋಡಿದೆ. ನಾನು ನಿನಗೆ ಇಷ್ಟೇನಾ?" ಅಷ್ಟು ಬೇಡಿಕೊಂಡರೂ ಸಾಲದೇ ಹೋಯಿತೇ ಎಂದು ಅವನೂ ಕಲ್ಲಾದ. ಆದರೂ ದಿನಾ ಬಾಗಿಲ ಕೆಳಗೆ ಕಾಗದ ಬಿದ್ದಿದೆಯೇ ಎಂದು ನೋಡುವುದು ಬಿಟ್ಟಿರಲಿಲ್ಲ.

ಪಕ್ಕಕ್ಕೆ ಹೊರಳಿದ. ಎದೆಜೇಬಿನಲ್ಲಿ ಕಾಗದ ಚರಚರ ಎಂದಿತು. ಬಿಚ್ಚುವ ಮೊದಲು ಯಾವ ವೈರು ಎಲ್ಲಿಗೆ ಎಂದು ಗೀಚಿ, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಳ್ಳುವುದು ಅವನ ಹಳೆಯ ಅಭ್ಯಾಸ. ಕೆಲಸ ಮುಗಿದರೆ ಅದು ಬರೀ ಕಸ.

ನಾಲ್ಕನೆಯ ತೂತು ಪೆಡಲುಗಳ ಹಿಂದಿತ್ತು. ಅದರಲ್ಲಿ ಬುಷ್ ಇರಲಿಲ್ಲ, ಕರಿ ಟೇಪು ಸುತ್ತಿದ ಕಾಗದದ ಬಿರಡೆಯಿತ್ತು. ಎಳೆದು ತೆಗೆದ.

"ಇಗೋ ನಿಮ್ಮ ದೆವ್ವ. ಯಾವನೋ ಪುಣ್ಯಾತ್ಮ ಜೇಬಲ್ಲಿದ್ದ ಕಸ ತುರುಕಿದ್ದಾನೆ. ಒಣಗಿ ಸಣ್ಣಗಾಗಿದೆ, ಸಂದೀಲಿ ಗಾಳಿ ನುಗ್ಗುತ್ತೆ. ಇಂಥೋನ ಕೈ ಮುರೀಬೇಕು."

ಟೀಚರ್ ಟಾರ್ಚ್ ಹಿಡಿದು ಬಗ್ಗಿದರು. "ಹಾಗಾದ್ರೆ ಎಡಗೈ ಮುರಿ. ಟೇಪು ಸುತ್ತಿರೋದು ನೋಡು, ಎಡಚನ ಸುತ್ತು. ನಿನ್ನ ಹಾಗೇ."

ಅವನು ಬಿರಡೆಯನ್ನು ತಿರುಗಿಸಿ ನೋಡಿದ. ತೂತಿನ ಅಂಚಿನ ನೀಲಿ ಬಣ್ಣವನ್ನು ಉಗುರಿನಿಂದ ಕೆರೆದ. ಕೆಳಗೆ ಹಳದಿ. ಹನ್ನೊಂದು ವರ್ಷದ ಹಿಂದೆ, ಅವನು ವೈರಿಂಗ್ ಮಾಡುತ್ತಿದ್ದಾಗ ಚಾಲಕ ಹಾರನ್ ಒತ್ತಿ ಒತ್ತಿ ಅವಸರ ಮಾಡಿದ್ದ ಹಳದಿ ಟ್ಯಾಕ್ಸಿ.

ಟೇಪು ಬಿಡಿಸಿದ. ನಾಲ್ಕು ಮಡಿಕೆ. ಒಳಗೆ ಅವನದೇ ಅಕ್ಷರ: "ಅಕ್ಕಾ, ತಪ್ಪಾಯಿತು."

"ಯಾಕಪ್ಪ, ಬೆವರ್ತಿದೀಯ?"

"ಏನಿಲ್ಲ ಟೀಚರೇ. ಇನ್ನು ಗಾಡಿ ಮಾತಾಡಲ್ಲ."

ತೂತಿಗೆ ಹೊಸ ಬುಷ್ ಕೂರಿಸಿ, ಎರಡು ಸಲ ಅಂಟು ಮೆತ್ತಿ, ಕೈ ತೊಳೆದು ಅಂಚೆಕಚೇರಿಗೆ ನಡೆದ. ಲಕೋಟೆ ಕೊಂಡ. ವಿಳಾಸ ಮರೆತಿರಲಿಲ್ಲ. ಅಂಟಿಸುವ ಮೊದಲು ಒಳಗಿನ ಕಾಗದವನ್ನು ಮೂರು ಸಲ ಬಿಚ್ಚಿ ನೋಡಿ, ಡಬ್ಬಿಗೆ ಹಾಕಿದ.

ಕಾಗದದ ಕೆಳಗೆ ಹೊಸದಾಗಿ ಒಂದೇ ಸಾಲು ಸೇರಿಸಿದ್ದ: "ಅಕ್ಕಾ, ಆವತ್ತು ಲಕೋಟೆಯಲ್ಲಿ ನಿನಗೆ ಬಂದದ್ದು ಒಂದು ಟ್ಯಾಕ್ಸಿಯ ವೈರುಗಳ ನಕ್ಷೆ, ನಿನ್ನ ಕಾಗದ ಇದು."