ಇಪ್ಪತ್ತರ ಮುಖ

ತಾಯಿ ತಂದ ಹಳೆಯ ಫೋಟೊದಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕಳೆದುಹೋದ ಮೂರು ವರ್ಷದ ಕೂಸು ನಗುತ್ತಿತ್ತು.

“ಈಗ ಇಪ್ಪತ್ತು ವರ್ಷದಾಂವ ಆಗಿರತಾನ್ರಿ. ಮುಖ ಹ್ಯಾಂಗಾಗಿರಬಹುದು, ಕಂಪ್ಯೂಟರಿನಾಗ ಮಾಡಿಕೊಡ್ರಿ ಅಣ್ಣಾರ.”

ಸ್ಟುಡಿಯೋದ ಚನ್ನವೀರ ಕೂಸಿನ ವಯಸ್ಸು ಏರಿಸಿದ. ಪರದೆಯ ಮೇಲೆ ಮುಖವೊಂದು ಮೆಲ್ಲಗೆ ಮೂಡಿತು. ಅವನು ಪರದೆಯನ್ನು ಸರಕ್ಕನೆ ತನ್ನತ್ತ ತಿರುಗಿಸಿಕೊಂಡ.

“ಬಂತೇನ್ರಿ?”

“ತಡೀರಿ ಅಕ್ಕಾರ, ಸರಿಯಾಗಿ ಬಂದಿಲ್ಲ.”

ಮೂಗು ಅಗಲ ಮಾಡಿದ, ಹುಬ್ಬು ಕೂಡಿಸಿದ, ಗದ್ದವನ್ನು ಉದ್ದಕ್ಕೆ ಎಳೆದ. ಪ್ರಿಂಟು ತೆಗೆದುಕೊಟ್ಟ. ಅವಳು ಚಿತ್ರಕ್ಕೆ ಮುತ್ತಿಟ್ಟು ಅತ್ತಳು.

ಬಾಗಿಲಲ್ಲಿ ಹುಡುಗನೊಬ್ಬ ಎದುರಾದ. ಅವಳು ಅವನ ಮುಖ ನೋಡಿದಳು, ಚಿತ್ರ ನೋಡಿದಳು, ಇವನಲ್ಲವೆಂದು ತಲೆಯಾಡಿಸಿ ಹೊರಟುಹೋದಳು.

“ಅಪ್ಪಾ, ಊಟಕ್ಕ ಬಾ,” ಎಂದಿತು, ಪರದೆಯ ಮೇಲೆ ಮೊದಲು ಮೂಡಿದ್ದ ಮುಖ.